ಅಂಗಳದಾಚೆಯ ಕೋಣೆಗೆ ಬಾರದ ಸಿಗ್ನಲ್

"ನೀವೇ ಅಲ್ವಾ ಆ ಮುನ್ನೂರು?"

ವಿಯೆಟ್ನಾಮಿನ ಸಾ ದೆಕ್ ಪೇಟೆಯ ನೆಟ್‌ವರ್ಕ್ ಅಂಗಡಿಯ ಬಾಗಿಲಲ್ಲಿ ನಿಂತು ಮಿಯೆನ್ ಕೇಳಿದ ರೀತಿಗೆ, ಅಲ್ಲಿ ಕೆಲಸಕ್ಕಿದ್ದ ಲುವಾನ್‌ನ ತುಟಿಯ ಹತ್ತಿರ ಬಂದಿದ್ದ ಕಾಫಿ ಲೋಟ ಅಲ್ಲೇ ನಿಂತುಬಿಟ್ಟಿತು.

"ಹಾಂ... ನಾನೇ. ಅಂದ್ರೆ... ಬ್ಯಾನರ್‌ನಲ್ಲಿರೋದು ನಾನೇ."

ಎದುರಿನ ಸೇತುವೆಗೆ ಅಡ್ಡಲಾಗಿ ಕಟ್ಟಿದ್ದ ದೊಡ್ಡ ಬ್ಯಾನರ್‌ನಲ್ಲಿ ಅದೇ ಲುವಾನ್ ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿದ್ದ. ಅವನ ಅಂಗೈ ಮೇಲೆ ಬೆಂಕಿಯ ಬಣ್ಣದಲ್ಲಿ '300' ಎಂಬ ಸಂಖ್ಯೆ. ಮೇಲೆ, 'ನಿಮ್ಮ ಮನೆಗೆ ಮಿಂಚಿನ ವೇಗ!'

ಬ್ಯಾನರ್ ಬಂದ ದಿನದಿಂದ ಪೇಟೆಯಲ್ಲಿ ಅವನ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಈಗ ಅವನು ಬರೀ 'ಮುನ್ನೂರು'.

ಮಿಯೆನ್ ತನ್ನ ಫೋನನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು.

"ಓದಿ."

ಸ್ಪೀಡ್ ಅಳೆಯುವ ಆ್ಯಪ್. ಅದರಲ್ಲಿ ಒಂದೇ ಒಂದು ಅಂಕಿ.

"ನಾಲ್ಕು..." ಅಂದ ಲುವಾನ್, ಮೆಲ್ಲಗೆ.

"ಮುನ್ನೂರು ಅಂದ್ರಿ, ನಾಲ್ಕು ಕೊಟ್ರಿ! ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು? ಕಾಲುವೆಗೆ ಬಿತ್ತಾ?"

"ಬ್ಯಾನರ್‌ನಲ್ಲಿ 'ವರೆಗೆ' ಅಂತ ಇದೆ... ಮುನ್ನೂರರ ವರೆಗೆ..."

"ಎಲ್ಲಿದೆ?"

"ಕೆಳಗಡೆ... ನನ್ನ ಮೊಣಕೈ ಹತ್ರ. ಸ್ವಲ್ಪ ಸಣ್ಣಕ್ಷರ."

ಪಕ್ಕದ ಕಬ್ಬಿನ ಹಾಲಿನ ಗಾಡಿಯ ಹೆಂಗಸು ಕಿವಿಯನ್ನು ಇತ್ತಲೇ ಇಟ್ಟಿದ್ದಳು. "ಲೇ ಮುನ್ನೂರು! ಮೊಣಕೈ ಒಂಚೂರು ಸರಿಸೋ, ನಾವೂ ಓದ್ಕೋತೀವಿ!"

ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು. ಲುವಾನ್‌ನ ಕಿವಿ ಕೆಂಪಾಯಿತು. ಮಿಯೆನ್ ಮಾತ್ರ ನಗಲಿಲ್ಲ. ಅವಳ ಕಣ್ಣಲ್ಲಿ ಸಿಟ್ಟಿನ ಹಿಂದೆ ಇನ್ನೇನೋ ಇತ್ತು... ಭಯ!

"ಭಾನುವಾರ ನನಗೊಂದು ಪಾಠ ಇದೆ," ಅಂದಳು, ದನಿ ತಗ್ಗಿಸಿ. "ಅದೊಂದೇ ಅವಕಾಶ. ದಯವಿಟ್ಟು... ಬಂದು ನೋಡಿ."

ಅವಳು ಹೋದ ಮೇಲೂ ಲುವಾನ್ ಬಾಗಿಲನ್ನೇ ನೋಡುತ್ತ ನಿಂತಿದ್ದ. ಕಾಫಿಯ ಐಸು ಕರಗಿ ನೀರಾಗಿತ್ತು.

* * *

ಮಿಯೆನ್ ನುಡಿಸುತ್ತಿದ್ದುದು ತ್ರಾನ್, ಹದಿನಾರು ತಂತಿಗಳ ಉದ್ದನೆಯ ವಾದ್ಯ. ಕಲಿಸಿದ್ದು ಅವಳ ಅಪ್ಪ. ಹಗಲು ಹೂಕುಂಡಗಳಿಗೆ ಮಣ್ಣು ತುಂಬುತ್ತಿದ್ದ ಕೈ, ಸಂಜೆ ತಂತಿ ಮೀಟುತ್ತಿತ್ತು. ಆ ಕೈ ಸುಮ್ಮನಾಗಿ ಎರಡು ವರ್ಷ.

ಈಗ ಪ್ಯಾರಿಸ್‌ನಲ್ಲಿ, ವಿಯೆಟ್ನಾಮಿನಿಂದ ಹೋಗಿ ನೆಲೆಸಿದವರ ಮಕ್ಕಳಿಗೆ ಸಂಗೀತ ಕಲಿಸುವ ಶಾಲೆಯೊಂದು ಅವಳನ್ನು ಕೇಳಿತ್ತು. ಮನೆಯಲ್ಲೇ ಕೂತು, ತೆರೆಯ ಮೇಲೆ ಪಾಠ. ಭಾನುವಾರ ಮಧ್ಯಾಹ್ನ ಪರೀಕ್ಷೆಯ ಪಾಠ. ಶಾಲೆಯ ಮುಖ್ಯಸ್ಥೆಯೇ ಕೂತು ನೋಡುತ್ತಾರೆ. ಪಾಠ ನಿಂತು ನಿಂತು ಹೋದರೆ ಕೆಲಸ ಇಲ್ಲ ಎಂದು ಮೊದಲೇ ಹೇಳಿದ್ದರು.

ಇದು ತಪ್ಪಿದರೆ ಉಳಿದಿರುವುದು ಸೈಗಾನ್‌ನ ಹೋಟೆಲೊಂದರ ಕೆಲಸ. ಅಲ್ಲಿ ಊಟ ಮಾಡುವ ಪ್ರವಾಸಿಗರ ನಡುವೆ ಕೂತು ನುಡಿಸಬೇಕು. ಚಮಚಗಳ ಸದ್ದಿನಲ್ಲಿ... ಯಾರೂ ಕೇಳದ ಸಂಗೀತ!

'ಅಪ್ಪ ಕಲಿಸಿದ್ದನ್ನ ನಾನು ಯಾರಿಗೂ ಕಲಿಸದೇ ಹೋಗಿಬಿಡ್ತೀನಾ?' ಎಂಬ ಯೋಚನೆ ಅವಳನ್ನು ಬಿಡುತ್ತಿರಲಿಲ್ಲ.

* * *

ಬುಧವಾರ ಬೆಳಿಗ್ಗೆ ಲುವಾನ್ ಬಂದಾಗ, ಅಂಗಳದ ತುಂಬ ಕಂಚು ಹರಡಿತ್ತು.

ಹೊಸ ವರ್ಷದ ಹಬ್ಬ ಹತ್ತಿರ ಬಂದಿತ್ತು. ತೀರಿಕೊಂಡ ಹಿರಿಯರನ್ನು ಪೂಜಿಸುವ ಪೀಠದ ಮೇಲಿನ ಕಂಚಿನ ಸಾಮಾನನ್ನೆಲ್ಲ ವರ್ಷಕ್ಕೊಮ್ಮೆ ಇಳಿಸಿ ಬೆಳಗುವ ಕಾಲ. ಮಿಯೆನ್‌ಳ ತಾಯಿ ಚಾಪೆ ಹಾಸಿ ಕೂತು, ಕಮರಾಕ್ಷಿ ಹಣ್ಣಿನ ಹುಳಿ, ಬೂದಿ ಸೇರಿಸಿ ದೊಡ್ಡ ಧೂಪದ ಪಾತ್ರೆಯನ್ನು ಉಜ್ಜುತ್ತಿದ್ದರು. ಊರಿಗೆಲ್ಲ ಅವರು ತಾಮ್ ಚಿಕ್ಕಮ್ಮ.

"ಬಾ ಮಗಾ, ಬಾ! ನಮ್ಮನೆಗೆ ತಂತಿ ಎಳೆದವನು ನೀನೇ ಅಲ್ವಾ? ಬ್ಯಾನರ್‌ನಲ್ಲಿ ದಪ್ಪ ಕಾಣ್ತೀಯ, ನಿಜವಾಗ್ಲೂ ನೋಡಿದ್ರೆ ಒಣಗಿದ ಮೀನು!"

"ಅದು ಕಂಪ್ಯೂಟರ್‌ನಲ್ಲಿ ದಪ್ಪ ಮಾಡಿದ್ದು ಚಿಕ್ಕಮ್ಮ..."

"ಹಂಗಾದ್ರೆ ಆ ಮುನ್ನೂರನ್ನೂ ಕಂಪ್ಯೂಟರ್‌ನಲ್ಲೇ ದಪ್ಪ ಮಾಡಿದ್ರಾ?" ಅಂಗಳದಾಚೆಯ ಕೋಣೆಯ ಬಾಗಿಲಲ್ಲಿ ಮಿಯೆನ್ ನಿಂತಿದ್ದಳು.

ಲುವಾನ್ ಜೇಬಿನಿಂದ ಫೋನ್ ತೆಗೆದ. ಅವಳ ಕೋಣೆಗೆ ಹೋಗಿ, ತ್ರಾನ್ ಇದ್ದ ಜಾಗದಲ್ಲೇ ಫೋನ್ ಹಿಡಿದು ಅಳೆದ.

ತೊಂಬತ್ತು!

ಮತ್ತೆ ಅಳೆದ. ತೊಂಬತ್ತೆರಡು.

"ನೋಡಿ... ಚೆನ್ನಾಗೇ ಬರ್ತಿದೆ."

"ಇರೋಕೆ ಸಾಧ್ಯಾನೇ ಇಲ್ಲ!" ಮಿಯೆನ್ ತನ್ನ ಫೋನಿನಲ್ಲೂ ನೋಡಿದಳು. ಅದೇ ತೊಂಬತ್ತು. ಅವಳ ಮುಖ ಬಿಳಚಿಕೊಂಡಿತು. "ನಿನ್ನೆ ಸಂಜೆ ಕೂಡ ನಾಲ್ಕೇ ಇತ್ತು... ನಾನು ಸುಳ್ಳು ಹೇಳ್ತಿದ್ದೀನಾ?"

"ನಾನು ಹಾಗೆ ಹೇಳ್ಲಿಲ್ಲ."

"ನಿಮ್ಮ ಮುಖ ಹೇಳ್ತಿದೆ!"

ಅವನ ಮುಖ ಅಂಥದ್ದೇನನ್ನೂ ಹೇಳುತ್ತಿರಲಿಲ್ಲ. ಅವಳ ಹಣೆಯ ಮೇಲೆ ಬಿದ್ದಿದ್ದ ಒಂದೆಳೆ ಕೂದಲನ್ನು ನೋಡುತ್ತ, ಏನು ಮಾತಾಡಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು. ಆದರೆ ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಹೊರಟವನನ್ನು ತಾಮ್ ಚಿಕ್ಕಮ್ಮ ಬಿಡಲಿಲ್ಲ. ಐಸು ಹಾಕಿದ ಟೀ ಕೊಟ್ಟು, ಕೈಗೊಂದು ಕಂಚಿನ ಕೊಕ್ಕರೆಯನ್ನೂ ಕೊಟ್ಟರು. ಆಮೆಯ ಬೆನ್ನ ಮೇಲೆ ನಿಂತ ಕೊಕ್ಕರೆ. "ಕೈ ಸುಮ್ನೆ ಯಾಕಿರ್ಬೇಕು? ಕತ್ತಿನ ಸಂದಿಲಿ ಚೆನ್ನಾಗಿ ಉಜ್ಜು."

ಲುವಾನ್ ಅಂಗಳದಲ್ಲಿ ಕೂತು ಕೊಕ್ಕರೆ ಉಜ್ಜಿದ. ಉಜ್ಜುತ್ತ ಆಗಾಗ ಕೋಣೆಯತ್ತ ಕದ್ದು ನೋಡಿದ. ಕೊಕ್ಕರೆ ಕನ್ನಡಿಯಂತೆ ಹೊಳೆಯಿತು. ಅವನ ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ.

* * *

ಗುರುವಾರ ಸಂಜೆ, ಭಾನುವಾರದ ಪಾಠಕ್ಕೆ ಕೂರಲಿದ್ದ ಪ್ಯಾರಿಸ್‌ನ ಪುಟ್ಟ ವಿದ್ಯಾರ್ಥಿನಿಯ ಜೊತೆ ಮಿಯೆನ್‌ಳ ಮೊದಲ ಮಾತುಕತೆ.

ಏಳು ವರ್ಷದ ಹುಡುಗಿ. ತೆರೆಯ ಮೇಲೆ ನಕ್ಕಳು... ನಕ್ಕ ಬಾಯಿ ಹಾಗೇ ನಿಂತುಬಿಟ್ಟಿತು. ಮಿಯೆನ್ ಮೀಟಿದ ತಂತಿ ಅತ್ತ ತಲುಪುವಷ್ಟರಲ್ಲಿ ತುಂಡು ತುಂಡಾಗಿತ್ತು.

"ಟೀಚರ್... ನೀವು... ಕಾಣ್ತಾ... ಇಲ್ಲ..."

ತೆರೆ ಕಪ್ಪಾಯಿತು.

ಮಿಯೆನ್ ಮತ್ತೆ ಮತ್ತೆ ಅಳೆದಳು. ಒಂಬತ್ತು. ಒಂದು. ಸೊನ್ನೆ. ಐದು. ಸೊನ್ನೆ.

'ನಿನ್ನೆ ತೊಂಬತ್ತು, ಇವತ್ತು ಸೊನ್ನೆ! ಅವನು ಪರೀಕ್ಷೆ ಮಾಡುವಾಗ ಮಾತ್ರ ಜಾಸ್ತಿ ಬಿಟ್ಟು, ಹೋದಮೇಲೆ ತಿರುಗಿಸಿಬಿಟ್ಟ! ನನ್ನನ್ನೇ ಸುಳ್ಳುಗಾತಿ ಮಾಡೋಕೆ!'

ಅದೇ ಸಿಟ್ಟಿನಲ್ಲಿ, ಊರಿನವರೆಲ್ಲ ಓದುವ ಆನ್‌ಲೈನ್ ಪುಟದಲ್ಲಿ ಬರೆದೇಬಿಟ್ಟಳು. ಲುವಾನ್‌ನ ಹೆಸರು ಹಾಕಿ. ಮೋಸಗಾರ ಎಂಬ ಮಾತನ್ನೂ ಹಾಕಿ.

ಬರೆದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅಂಗಳದಲ್ಲಿ ತಲೆ ಬಗ್ಗಿಸಿ ಕೊಕ್ಕರೆಯ ಕತ್ತು ಉಜ್ಜುತ್ತಿದ್ದವನ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು.

'ಮೋಸಗಾರರು ಹಾಗೆ ಉಜ್ಜುತ್ತಾರಾ?'

ಶುಕ್ರವಾರ ಪೇಟೆಗೆ ಹೋದಾಗ ಸೇತುವೆಯ ಮೇಲೆ ಬ್ಯಾನರ್ ಇರಲಿಲ್ಲ. ಕಟ್ಟಿದ್ದ ಹಗ್ಗಗಳು ಮಾತ್ರ ನೇತಾಡುತ್ತಿದ್ದವು.

* * *

ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಬೈಕಿನ ಸದ್ದು.

ಲುವಾನ್! ಅಂಗಡಿಯ ನೀಲಿ ಅಂಗಿ ಇಲ್ಲ. ಹೆಗಲ ಮೇಲೆ ಸುತ್ತಿದ ಉದ್ದನೆಯ ಕೇಬಲ್.

"ಮತ್ತೆ ಯಾಕೆ ಬಂದ್ರಿ? ಅಂಗಡಿಯವರು ಕಳಿಸಿದ್ರಾ?"

"ಇಲ್ಲ. ಅಂಗಡಿಯವರು ಹಬ್ಬ ಮುಗಿಯೋ ತನಕ ಬರಬೇಡ ಅಂದಿದ್ದಾರೆ. ಆಮೇಲಿನದು ಆಮೇಲೆ ನೋಡೋಣ ಅಂತ." ಅವನ ದನಿಯಲ್ಲಿ ದೂರು ಇರಲಿಲ್ಲ. "ನಾಳೆ ನಿಮ್ಮ ಪಾಠ ಇದೆ ಅಲ್ವಾ? ಅದಕ್ಕೆ ಬಂದೆ."

ಮಿಯೆನ್ ಗೇಟು ತೆಗೆದಳು.

"ನಾನು ಬರೆದದ್ದಕ್ಕಾ...?"

"ಬರೆದದ್ದು ಪೂರ್ತಿ ಸುಳ್ಳಲ್ಲ. ಆ ನಗು ನನ್ನದೇ, ಆ ಸಂಖ್ಯೆ ಹಿಡಿದ ಕೈಯೂ ನನ್ನದೇ." ಅವನು ತಲೆ ಕೆರೆದುಕೊಂಡ. "ಮುನ್ನೂರು ಅನ್ನೋದು ತಂತಿಯೊಳಗೆ ಮನೆ ಬಾಗಿಲಿಗೆ ಬರೋ ವೇಗ. ರೌಟರ್ ಡಬ್ಬದ ಮೇಲೆ ಸಾವಿರದ ಇನ್ನೂರು ಅಂತ ಇನ್ನೊಂದು ಬರೆದಿರ್ತಾರೆ, ಅದು ಎದುರಿಗೆ ಏನೂ ಇಲ್ಲದ ಖಾಲಿ ಕೋಣೇಲಿ, ಲೆಕ್ಕಕ್ಕೆ ಮಾತ್ರ. ಅಲ್ಲಿಂದ ಗಾಳೀಲಿ ಬರುವಾಗ ಗೋಡೆ ತಿನ್ನುತ್ತೆ, ದೂರ ತಿನ್ನುತ್ತೆ, ಪಕ್ಕದ ಮನೆಯವರ ವೈಫೈ ತಿನ್ನುತ್ತೆ... ಕೊನೆಗೆ ನಿಮ್ಮ ಕೈಗೆ ಸಿಕ್ಕಿದ್ದೇ ನಿಮ್ಮದು. ಇದನ್ನ ಮೊದಲ ದಿನಾನೇ ಹೇಳ್ಬೇಕಿತ್ತು."

"ನನಗೆ ಮುನ್ನೂರೇ ಬೇಕು ಅಂತಿಲ್ಲ..." ಮಿಯೆನ್‌ಳ ದನಿ ಒಡೆಯಿತು. "ಪಾಠಕ್ಕೆ ಎಷ್ಟು ಬೇಕು?"

"ನಾಲ್ಕೈದು ಸಾಕು."

"ನಾಲ್ಕಾ? ಅಷ್ಟು ಇತ್ತಲ್ಲ!"

"ಇತ್ತು, ಆದ್ರೆ ನಿಲ್ತಿರಲಿಲ್ಲ. ನಮ್ಮ ಕಾಲುವೆಯ ದೋಣಿ ನೆನೆಸ್ಕೊಳ್ಳಿ. ನಿಧಾನವಾಗಿ ಹೋದ್ರೂ ತಲುಪುತ್ತೆ. ಆದ್ರೆ ಮಾರು ದೂರಕ್ಕೊಂದು ಸಲ ಅಂತರಗಂಗೆ ಬಳ್ಳಿಗೆ ಸಿಕ್ಕಿ ನಿಂತ್ರೆ? ಎಂಜಿನ್ ಎಷ್ಟು ದೊಡ್ಡದಿದ್ದು ಏನು ಬಂತು?"

"ಹಾಗಾದ್ರೆ ಬುಧವಾರ ಮಾತ್ರ ಯಾಕೆ ನಿಲ್ಲದೆ ಬಂತು?"

"ಅದೇ ತಿಳೀತಿಲ್ಲ. ಮೂರು ದಿನದಿಂದ ಅದನ್ನೇ ಯೋಚಿಸ್ತಿದ್ದೀನಿ."

ಇಬ್ಬರೂ ಫೋನ್ ಹಿಡಿದು ಮನೆಯಿಡೀ ನಡೆದರು. ಅವನು ಮುಂದೆ, ಅವಳು ಹಿಂದೆ. ಅವಳ ಕೋಣೆಯಲ್ಲಿ ಐದು, ಸೊನ್ನೆ. ಅಂಗಳದಲ್ಲಿ ಹದಿನಾಲ್ಕು. ಹೊಸ್ತಿಲಲ್ಲಿ ಮೂವತ್ತು. ನಡುಮನೆಯ ಬಾಗಿಲಲ್ಲಿ ಮಿಯೆನ್ ನಿಂತುಬಿಟ್ಟಳು. ಮುಂದೆ ಕಾಲಿಡಲಿಲ್ಲ.

ಎದುರಿಗೆ ಹಿರಿಯರ ಪೀಠ. ಮೇಲೆ ಅಪ್ಪನ ಫೋಟೋ. ಅದರ ಮುಂದೆ ಸಾಲಾಗಿ ಕಂಚು: ಧೂಪದ ದೊಡ್ಡ ಪಾತ್ರೆ, ಮೇಣದ ಬತ್ತಿಯ ಕಂಬಗಳು, ಎರಡು ಕೊಕ್ಕರೆ. ಬೆಳಗಿ ಬೆಳಗಿ ಚಿನ್ನದಂತಾಗಿದ್ದವು. ಅವುಗಳ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಕೂತಿದ್ದ ರೌಟರ್.

"ಲುವಾನ್..." ಅಂದಳು. "ಬುಧವಾರ ಈ ಕಂಚು ಎಲ್ಲಿತ್ತು?"

"ಅಂಗಳದಲ್ಲಿ..." ಅವನ ಬಾಯಿ ತೆರೆದೇ ಇತ್ತು. "ಒಂದು ಕೊಕ್ಕರೆ... ನನ್ನ ತೊಡೆ ಮೇಲೇ ಇತ್ತು!"

ಆಮೇಲೆ ಮಿಯೆನ್‌ಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು! "ತೊಡೆ ಮೇಲೆ ಇಟ್ಕೊಂಡು ಉಜ್ಜಿದ್ರಿ... ಆದ್ರೂ ಕಾಣಲಿಲ್ವಾ?"

"ನಾನು ಬೇರೆ ಕಡೆ ನೋಡ್ತಿದ್ದೆ," ಅಂದುಬಿಟ್ಟ ಲುವಾನ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಿಯೆನ್‌ಳ ನಗು ಮೆಲ್ಲಗೆ ಇಳಿಯಿತು. ಕೆನ್ನೆ ಬಿಸಿಯಾಯಿತು.

"ಲೋಹದ ಹಿಂದೆ ಇಡಬಾರದು ಅಂತ ತಂತಿ ಎಳೆದ ದಿನಾನೇ ನನಗೆ ಗೊತ್ತಿತ್ತು," ಅಂದ ಅವನು ತಲೆ ತಗ್ಗಿಸಿ. "ಚಿಕ್ಕಮ್ಮ ಅಲ್ಲೇ ಇಡು ಅಂದ್ರು. ಹಿರಿಯರ ಪೀಠದ ವಿಷಯ... ಹೊರಗಿನವನು ನಾನು ಹೇಗೆ ಬೇಡ ಅನ್ನಲಿ? ಸುಮ್ಮನಾದೆ. ಬುಧವಾರ ಕಂಚು ಅಲ್ಲಿರಲಿಲ್ಲ ಅನ್ನೋದು ಮಾತ್ರ ಹೊಳೀಲೇ ಇಲ್ಲ."

"ನನ್ನನ್ನ ಬೈಕೋತಿದ್ದೀರಾ?"

ತಾಮ್ ಚಿಕ್ಕಮ್ಮ ಹಿಂದೆಯೇ ನಿಂತಿದ್ದರು. ಕೈಯಲ್ಲಿ ಹಬ್ಬದ ಕಡುಬಿಗೆ ತೊಳೆದ ಬಾಳೆಲೆ.

"ಇಲ್ಲಮ್ಮ. ಆದ್ರೆ ರೌಟರ್ ಅಲ್ಲಿಂದ ತೆಗೀಬೇಕು," ಅಂದಳು ಮಿಯೆನ್.

"ಆಗಲ್ಲ."

"ಅಮ್ಮಾ, ನಾಳೆ ಪಾಠ—"

"ಆಗಲ್ಲ ಅಂದ್ನಲ್ಲ!" ಅವರ ಕಣ್ಣು ತುಂಬಿ ಬಂತು. "ನಿನ್ನ ಹಾಡೆಲ್ಲ ಆ ಡಬ್ಬದ ಮೂಲಕ ಹೋಗುತ್ತೆ ಅಂತ ನೀನೇ ಹೇಳಿದ್ದೆ. ಅದಕ್ಕೇ ನಿಮ್ಮಪ್ಪನ ಪಕ್ಕ ಇಟ್ಟೆ. ಹೋಗೋ ದಾರೀಲಿ ಅವರಿಗೂ ಕೇಳಿಸ್ಲಿ ಅಂತ... ನೀನಂತೂ ಅವರ ಎದುರಿಗೆ ಕೂತು ನುಡಿಸೋದು ಬಿಟ್ಟೇಬಿಟ್ಟೆ!"

ಮಿಯೆನ್ ಅಪ್ಪನ ಫೋಟೋದತ್ತ ನೋಡಿದಳು.

ಹೌದು. ಅಪ್ಪ ಹೋದ ಮೇಲೆ ಅವಳು ಈ ನಡುಮನೆಯಲ್ಲಿ ತ್ರಾನ್ ಮುಟ್ಟಿರಲಿಲ್ಲ. ಮನೆಯಲ್ಲೇ ಅತ್ಯಂತ ದೂರದ ಕೋಣೆಗೆ, ಅಂಗಳದಾಚೆಗೆ ವಾದ್ಯವನ್ನು ಹೊತ್ತೊಯ್ದಿದ್ದಳು. 'ತಪ್ಪಿದರೆ ಅಪ್ಪ ಈಗ ತಿದ್ದಲ್ಲ... ಆ ಮೌನ ನನ್ನಿಂದ ತಡೆಯೋಕಾಗಲ್ಲ' ಎಂದು.

ಲುವಾನ್ ಮೆಲ್ಲಗೆ ಹೇಳಿದ: "ಚಿಕ್ಕಮ್ಮ, ನಾನು ಉದ್ದ ಕೇಬಲ್ ತಂದಿದ್ದೀನಿ. ಡಬ್ಬ ಅಲ್ಲೇ ಇರಲಿ, ಅಂಗಳದ ಮೇಲಿಂದ ಎಳೀತೀನಿ. ಏನೂ ಕದಲಿಸೋದು ಬೇಡ."

"ಹಬ್ಬದ ಹೊತ್ತಲ್ಲಿ ಪೀಠದಿಂದ ಹಗ್ಗ ಬಿಟ್ಟಂಗೆ ತಂತಿ ಬಿಡ್ತೀಯಾ? ಅವರನ್ನೇ ಕೇಳೋಣ ಇರು."

ಚಿಕ್ಕಮ್ಮ ಊದುಬತ್ತಿ ಹಚ್ಚಿದರು. ತಟ್ಟೆಯಲ್ಲಿ ಎರಡು ಹಳೆಯ ನಾಣ್ಯ. ಒಂದೊಂದರ ಒಂದು ಮೈಗೆ ಸುಣ್ಣ ಬಳಿದಿತ್ತು. ಚಿಮ್ಮಿದಾಗ ಒಂದು ಬಿಳಿ ಒಂದು ಕಪ್ಪು ಬಿದ್ದರೆ ಹಿರಿಯರ ಒಪ್ಪಿಗೆ. ಎರಡೂ ಬಿಳಿಯಾದರೆ ನಗು, ಎರಡೂ ಕಪ್ಪಾದರೆ ಬೇಡ. ಮೂರು ಸಲ ಕೇಳಬಹುದು, ಅಷ್ಟೇ.

"ಏನೂಂದ್ರೆ... ಡಬ್ಬವನ್ನ ಆಚೆ ತೆಗೀಲಾ?"

ಎರಡೂ ಬಿಳಿ.

"ನಗ್ತಿದ್ದಾರೆ ನಿಮ್ಮಪ್ಪ!" ಚಿಕ್ಕಮ್ಮ ಮೂಗೊರೆಸಿಕೊಂಡರು. "ಹೋಗ್ಲಿ, ತಂತಿ ಎಳೀಲಾ?"

ಎರಡೂ ಕಪ್ಪು.

ಇನ್ನೊಂದೇ ಸಲ! ಲುವಾನ್ ತಟ್ಟೆಯನ್ನೇ ನೋಡುತ್ತಿದ್ದ. ಹಬ್ಬದ ಮನೆ, ಹೆಣ್ಣುಮಗಳ ಭವಿಷ್ಯ, ಎರಡು ತುಂಡು ತಾಮ್ರ!

"ಅಮ್ಮಾ, ಈ ಸಲ ನಾನು ಕೇಳ್ತೀನಿ."

ಮಿಯೆನ್ ಹೊಸ್ತಿಲು ದಾಟಿದಳು. ಅಪ್ಪನ ಫೋಟೋ ಎದುರು ಮಂಡಿಯೂರಿದಳು. ಏನು ಕೇಳಬೇಕೆಂದು ಅವಳಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿತ್ತು.

"ಅಪ್ಪಾ... ಡಬ್ಬ ಎಲ್ಲಿಗೂ ಹೋಗಲ್ಲ. ನಾನೇ ಬರ್ತೀನಿ. ನಾಳೆ ಇಲ್ಲಿ, ನಿಮ್ಮ ಎದುರಿಗೆ ಕೂತು ಪಾಠ ಮಾಡ್ಲಾ?"

ನಾಣ್ಯಗಳು ತಟ್ಟೆಯಲ್ಲಿ ಸುತ್ತಿದವು. ಒಂದು ಬಿತ್ತು. ಬಿಳಿ. ಇನ್ನೊಂದು ಅಂಚಿನಲ್ಲಿ ತಿರುಗಿ ತಿರುಗಿ...

ಕಪ್ಪು!

ಚಿಕ್ಕಮ್ಮ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಬಾಳೆಲೆಗಳನ್ನೆಲ್ಲ ಕೆಡವಿ ಮಗಳನ್ನು ತಬ್ಬಿಕೊಂಡರು. ಲುವಾನ್ ಇನ್ನೆಲ್ಲಿ ನೋಡುವುದೆಂದು ತಿಳಿಯದೆ, ನೆಲದ ಮೇಲಿನ ಎಲೆ ಆಯತೊಡಗಿದ.

ಆಮೇಲೆ ಅಪ್ಪನ ಎದುರಿನ ಚಾಪೆಯ ಮೇಲೆ ಫೋನ್ ಇಟ್ಟು ಅಳೆದರು. ಇನ್ನೂರ ಹತ್ತು. ಮತ್ತೆ ಅಳೆದರು. ಇನ್ನೂರ ಐದು.

"ಒಂದೇ ಕೋಣೆಯಾದ್ರೆ ಕಂಚಿನ ಪಕ್ಕದಿಂದ, ಗೋಡೆಗೆ ತಾಗಿ, ಹೇಗೋ ಬಂದು ಸೇರುತ್ತೆ," ಅಂದ ಲುವಾನ್. "ಅಂಗಳ ದಾಟೋಕೆ ಮಾತ್ರ ಅದಕ್ಕೆ ಶಕ್ತಿ ಇರಲ್ಲ. ಗಾಳೀಲಿ ಮುನ್ನೂರು ಇಲ್ಲೂ ಬರಲ್ಲ. ಅದನ್ನ ಈಗಲೇ ಹೇಳಿಬಿಡ್ತೀನಿ."

"ಸಾಕು," ಅಂದಳು ಮಿಯೆನ್. ಕಣ್ಣೊರೆಸಿಕೊಳ್ಳುತ್ತಾ.

* * *

ಭಾನುವಾರ ಮಧ್ಯಾಹ್ನ.

ಮಿಯೆನ್ ಮೊದಲ ತಂತಿಯ ಮೇಲೆ ಬೆರಳಿಟ್ಟಳು. ತಲೆಯೆತ್ತಿ ಅಪ್ಪನನ್ನು ನೋಡಿದಳು. ಮೀಟಿದಳು.

ಸ್ವರ ಕಂಚಿಗೆ ತಾಗಿ ನಡುಮನೆಯಲ್ಲಿ ತುಂಬಿತು. ಅತ್ತ, ಪ್ಯಾರಿಸ್‌ನ ಬೆಳಗಿನಲ್ಲಿ, ಪುಟ್ಟ ಹುಡುಗಿ ಕಣ್ಣರಳಿಸಿದಳು.

ಹುಡುಗಿ ನುಡಿಸಿದಳು, ತಪ್ಪಿದಳು. ಮಿಯೆನ್ ತಿದ್ದಿದಳು: "ಎಡಗೈಯಿಂದ ತಂತಿ ಒತ್ತು, ಚಿನ್ನಾ. ಸ್ವರ ಅಳಬೇಕು, ಕಿರುಚಬಾರದು." ಹೇಳಿದ ಮೇಲೆ ಗೊತ್ತಾಯಿತು... ಇದು ಅಪ್ಪನದೇ ಮಾತು!

ನಡುವೆ ಒಮ್ಮೆ ತೆರೆ ನಿಂತಿತು. ಮಿಯೆನ್‌ಳ ಬೆರಳೂ ತಂತಿಯ ಮೇಲೆ ನಿಂತಿತು. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಗಿ ಮತ್ತೆ ಅಲುಗಾಡಿದಳು.

"ಟೀಚರ್, ನೀವು ಆಗಾಗ ಮೇಲೆ ಯಾರನ್ನ ನೋಡ್ತೀರಾ?"

"ನನ್ನ ಗುರುಗಳನ್ನ."

"ಅವರು ಬೈತಾರಾ?"

"ಇವತ್ತು ಬೈಲಿಲ್ಲ."

ಪಾಠ ಮುಗಿದಾಗ ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಬ್ಬ ಮುಗಿದ ಮೇಲೆ ಶುರು ಮಾಡೋಣವಾ, ಟೀಚರ್?" ಎಂದಷ್ಟೇ ಕೇಳಿದರು.

ಮಿಯೆನ್ ಅಂಗಳಕ್ಕೆ ಓಡಿ ಬಂದಳು. "ಅಮ್ಮಾ! ಸಿಕ್ತು! ಲುವಾನ್ ಎಲ್ಲಿ?"

"ಈಗಷ್ಟೇ ಹೊರಟ. ಪಾಠ ಮುಗಿಯೋ ತನಕ ಗೋಡೆ ಪಕ್ಕ ಕೂತಿದ್ದ ಪಾಪ, ಕೆಮ್ಮು ಬಂದ್ರೂ ಬಾಯಿ ಮುಚ್ಚಿಕೊಂಡು. ಊಟ ಮಾಡೋ ಅಂದ್ರೆ ಬೇಡ ಅಂದ."

* * *

ಅವನು ಕಾಲುವೆಯ ದಂಡೆಯಲ್ಲಿ ಸಿಕ್ಕ. ಹಬ್ಬದ ಸಂತೆಗೆ ಹೊರಟ ದೋಣಿಗಳ ತುಂಬ ಹಳದಿ ಸೇವಂತಿಗೆಯ ಕುಂಡಗಳು. ಬೈಕ್ ನಿಲ್ಲಿಸಿ, ಅವನು ಫೋನ್‌ನಲ್ಲಿ ಏನನ್ನೋ ಓದುತ್ತಿದ್ದ.

"ಓದಿದ್ರಾ?" ಏದುಸಿರಿನಲ್ಲೇ ಕೇಳಿದಳು ಮಿಯೆನ್.

ಬೆಳಿಗ್ಗೆ ಅವಳು ಅದೇ ಪುಟದಲ್ಲಿ ಮತ್ತೆ ಬರೆದಿದ್ದಳು. ಲುವಾನ್ ಮೋಸಗಾರ ಅಲ್ಲ, ನನ್ನದು ದುಡುಕು. ಬ್ಯಾನರ್‌ನ ಸಂಖ್ಯೆ ಬೇರೆ, ನಮ್ಮ ಕೋಣೆಗೆ ಬರುವುದು ಬೇರೆ. ಕೊಳ್ಳುವ ಮೊದಲು ನೀವು ಕೂರುವ ಜಾಗದಲ್ಲೇ ಅಳೆದು ತೋರಿಸಿ ಎಂದು ಕೇಳಿ. ಹಿರಿಯರ ಪೀಠದ ಕಂಚಿನ ಹಿಂದೆ ರೌಟರ್ ಇಟ್ಟಿದ್ದರೆ ಒಮ್ಮೆ ನೋಡಿಕೊಳ್ಳಿ.

"ಓದಿದೆ. ಕೆಳಗಡೆ ಹದಿನೇಳು ಜನ 'ಅಯ್ಯೋ, ನಮ್ಮನೇಲೂ ಅಲ್ಲೇ ಇದೆ' ಅಂತ ಬರೆದಿದ್ದಾರೆ." ಅವನು ನಕ್ಕ. ಬ್ಯಾನರ್‌ನ ನಗುವಲ್ಲ, ಒಂದೇ ಬದಿಗೆ ವಾಲುವ ಸಣ್ಣ ನಗು. "ಅಂಗಡಿಯವರು ಮಾತ್ರ ಇನ್ನೂ ಏನೂ ಹೇಳಿಲ್ಲ."

"ನನ್ನಿಂದ ನಿಮಗೆ..."

"ನಿಮ್ಮಿಂದ ಅಲ್ಲ. ಕೇಳಿ... ಇದನ್ನ ಹೇಳದೇ ಹೋದ್ರೆ ಮತ್ತೆ ಸುಮ್ಮನಿದ್ದ ತಪ್ಪೇ ಆಗುತ್ತೆ." ಅವನ ಬೆರಳು ಬೈಕಿನ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. "ತಂತಿ ಎಳೆಯೋಕೆ ಬಂದ ದಿನ ನೀವು ಆಚೆ ಕೋಣೇಲಿ ನುಡಿಸ್ತಿದ್ರಿ. ನಿಮ್ಮ ಮುಖ ಕೂಡ ನೋಡಿರಲಿಲ್ಲ. ಅರ್ಧ ಗಂಟೆ ಕೆಲಸ... ಸಂಜೆ ತನಕ ಎಳೆದೆ. ಪೀಠದ ಮೇಲೆ ಇಡಬೇಡಿ ಅಂದ್ರೆ ಚಿಕ್ಕಮ್ಮ ಬೇಜಾರಾಗ್ತಾರೆ, ಮತ್ತೆ ಈ ಮನೆಗೆ ಕರೆಯಲ್ಲ ಅನ್ನೋ ಭಯ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ನೋಡಿ... ನಿಮ್ಮ ಮೇಲಿನ ಆಸೆಗೆ ನಿಮ್ಮ ಪಾಠವನ್ನೇ ಕೆಡಿಸಿದೆ."

ದೋಣಿಯೊಂದು ಹಾದುಹೋಯಿತು. ಅಲೆ ಬಂದು ದಂಡೆಗೆ ತಾಗಿತು.

ಮಿಯೆನ್ ಆ ದೋಣಿ ಮರೆಯಾಗುವವರೆಗೂ ನೋಡಿದಳು. ಲುವಾನ್‌ನ ಮುಖ ಸಣ್ಣದಾಗತೊಡಗಿತು.

"ಹೊಸ ವರ್ಷದ ದಿನ ಬೆಳಿಗ್ಗೆ ಎಲ್ಲಿರ್ತೀರಾ?" ಅಂದಳು ಕೊನೆಗೆ.

"ಮನೇಲಿ. ಯಾಕೆ?"

"ನಮ್ಮನೆಗೆ ಮೊದಲು ಕಾಲಿಡೋಕೆ ಬರ್ತೀರಾ?"

ಲುವಾನ್ ದಂಗಾದ. ವರ್ಷದ ಮೊದಲ ದಿನ ಮೊದಲು ಕಾಲಿಟ್ಟವರ ಅದೃಷ್ಟವೇ ವರ್ಷವಿಡೀ ಆ ಮನೆಯ ಅದೃಷ್ಟ. ಜನ ಎಷ್ಟೋ ದಿನ ಯೋಚಿಸಿ, ಗೆದ್ದವರನ್ನು, ಏಳಿಗೆ ಕಂಡವರನ್ನು ಕರೆಯುತ್ತಾರೆ.

"ನನ್ನನ್ನಾ? ಬೇಡ ಬೇಡ! ಕೆಲಸ ಇಲ್ಲದೆ ಹೊರಗೆ ಕೂತವನು ನಾನು. ಇಂಥವನು ಮೊದಲು ಕಾಲಿಟ್ರೆ ನಿಮ್ಮನೆಗೆ ಅಪಶಕುನ."

"ಆ ಅಪಶಕುನ ಮಾಡಿದ್ದು ನಾನು," ಅಂದಳು ಮಿಯೆನ್. ಅವನ ಕೈ ಪಕ್ಕದಲ್ಲಿ ತನ್ನ ಕೈಯಿಟ್ಟಳು. "ಅಂದ್ಮೇಲೆ ಅದು ನನ್ನದೇ. ಬೇರೆ ಯಾರ ಮನೆಗೂ ತಗೊಂಡು ಹೋಗ್ಬೇಡಿ... ನಮ್ಮನೆಗೇ ತನ್ನಿ."

ಅವನ ಕಣ್ಣು ಒದ್ದೆಯಾಯಿತು.

"ಚಿಕ್ಕಮ್ಮ ಒಪ್ತಾರಾ?"

"ಒಪ್ಪೋದೇನು! ನಾನು ಗೇಟು ದಾಟೋ ಮೊದಲೇ, ನಮ್ಮನೆಗೆ ಬೇರೆ ಯಾರೂ ಮೊದಲು ಬರಬೇಡಿ ಅಂತ ಪಕ್ಕದವರಿಗೆಲ್ಲ ಕೂಗಿ ಹೇಳ್ತಿದ್ರು."

"ಅಯ್ಯೋ... ಹಾಗಾದ್ರೆ ನಾನು ತಡ ಮಾಡಿದ್ರೆ?"

"ಅಲ್ಲೀ ತನಕ ಯಾರೂ ನಮ್ಮನೆಗೆ ಬರೋ ಹಾಗಿಲ್ಲ."

"ಮತ್ತೆ ನೀವು?"

"ನಾನು ಬಾಗಿಲು ತೆಗೆದಿಟ್ಟು ಕಾಯ್ತಿರ್ತೀನಿ," ಅಂದಳು ಮಿಯೆನ್. "ಬೇಗ ಬಂದ್ಬಿಡಿ."